ದುಡಿಮೆಯ ಮೇರೆ

ದುಡಿಮೆಯು ಮನುಷ್ಯನ ಧರ್ಮವೆಂಬುದನ್ನು ಎಲ್ಲರೂ ಒಪ್ಪುವರು. ದಣಿವು ದೇಹದ ಧರ್ಮವೆಂಬುದನ್ನು ಒಪ್ಪುವವರು ಮಾತ್ರ ಸ್ವಲ್ಪ ಕಡಮೆ. ದುಡಿಯುವವನನ್ನು ಕಂಡರೆ ಲೋಕವು ಹೊಗಳುವುದು. ಅವನೇ ನಡುಹಗಲಿನಲ್ಲಿ ಮರದಡಿ ಮೈಚೆಲ್ಲಿದುದನ್ನು ಕಂಡರೆ ಅದೇ ಲೋಕವು ಹುಬ್ಬು ಗಂಟಿಕ್ಕುವುದು. ಆದುದರಿಂದ ಒಂದು ಪ್ರಶ್ನೆಯನ್ನು ವಿಚಾರಿಸುವುದು ಯುಕ್ತವಾಗಿದೆ. ವಿಶ್ರಾಂತಿಯೆಂಬುದು ಒಡೆಯನು ದಯಪಾಲಿಸುವ ಉಡುಗೊರೆಯೋ, ಅಥವಾ ಕೆಲಸದ್ದೇ ಒಂದು ಅಂಗವೋ? ಉಡುಗೊರೆಯಾದರೆ ಅದನ್ನು ಕೊಡುವುದೂ ಬಿಡುವುದೂ ಒಡೆಯನ ಇಚ್ಛೆ. ಅಂಗವಾದರೆ ಅದನ್ನು ಕಸಿಯುವುದು ಕೂಲಿಯನ್ನು ಕಸಿದುದಕ್ಕೆ ಸಮಾನವಾದುದು.

ಈ ಪ್ರಶ್ನೆಯು ಗ್ರಂಥದಲ್ಲಿ ಹುಟ್ಟಿದುದಲ್ಲ, ಬಿಸಿಲಿನಲ್ಲಿ ಹುಟ್ಟಿದುದು. ಕಲಬುರಗಿ ಸೀಮೆಗೆ ತೊಗರಿಯ ಕಣಜವೆಂದು ಹೆಸರು. ಇಲ್ಲಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆಯಿತು. ನಗರಕ್ಕೆ ಸಮೀಪದ ನಂದೂರದ ಕೈಗಾರಿಕಾ ವಸಾಹತಿನಲ್ಲಿ ಬೇಳೆಯ ಗಿರಣಿಗಳು ನಡೆಯುತ್ತಿವೆ. ತೊಗರಿಯ ಕಾಳು ಬೇಳೆಯಾಗುವುದು ಸುಲಭವಲ್ಲ. ಅದರ ಸಿಪ್ಪೆಯು ಅಂಟಿನಿಂದ ಬಿಗಿದುಕೊಂಡಿರುವುದು. ಕಾಳನ್ನು ಹಸನು ಮಾಡಿ, ಉರುಳೆಗಳಲ್ಲಿ ಹಾಯಿಸಿ ಸಿಪ್ಪೆಗೆ ಗೀರು ಬೀಳಿಸಿ, ಎಣ್ಣೆ ಸವರಿ, ನೀರು ಚಿಮುಕಿಸಿ, ಅಂಗಳದಲ್ಲಿ ಹರವಿ ದಿನಗಟ್ಟಲೆ ಒಣಗಿಸಬೇಕು; ಅನಂತರವೇ ಸಿಪ್ಪೆ ಬಿಟ್ಟು ಕಾಳು ಇಬ್ಭಾಗವಾಗುವುದು. ಈಚೆಗೆ ಕೆಲವೆಡೆ ಒಣಗಿಸುವ ಯಂತ್ರಗಳು ಬಂದಿದ್ದರೂ, ಹಳೆಯ ಕ್ರಮದಲ್ಲಿ ಸೂರ್ಯನೇ ಗಿರಣಿಯ ಮೊದಲನೆಯ ಕೆಲಸಗಾರನು. ಸಂಬಳವಿಲ್ಲದ ಆ ಕೆಲಸಗಾರನ ಜೊತೆಯಲ್ಲಿ ಸಂಬಳದವರೂ ಅದೇ ಅಂಗಳದಲ್ಲಿ ನಿಲ್ಲಬೇಕಾಗುವುದು. ಕಾಳನ್ನು ಹರವುವ ಹೆಂಗಸರೂ ಚೀಲ ಹೊರುವ ಹಮಾಲರೂ ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ತಾಪವನ್ನು ನೆತ್ತಿಯ ಮೇಲೆ ಹೊತ್ತಿರುವರು.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಪ್ರಾಣಿಗಳ ಮೇಲಿನ ಕ್ರೌರ್ಯವನ್ನು ತಡೆಯುವ ಕಾಯಿದೆಯು ನಮ್ಮ ದೇಶದಲ್ಲಿ 1960ರಲ್ಲಿ ಬಂದಿತು. ಅದರ ಆಧಾರದಿಂದ 1965ರಲ್ಲಿ ಗಾಡಿ ಎಳೆಯುವ ಮತ್ತು ಹೇರು ಹೊರುವ ಪ್ರಾಣಿಗಳಿಗಾಗಿ ನಿಯಮಗಳು ರಚಿತವಾದುವು. ಎತ್ತನ್ನು ದಿನಕ್ಕೆ ಒಟ್ಟು 9 ಗಂಟೆಗಿಂತ ಹೆಚ್ಚು ದುಡಿಸಕೂಡದು. ಬಿಡುವಿಲ್ಲದೆ ಒಂದೇ ಸಮನೆ 5 ಗಂಟೆ ಮೀರಕೂಡದು. ತಾಪವು 37 ಡಿಗ್ರಿ ಮೀರುವ ಪ್ರದೇಶದಲ್ಲಿ ಮಧ್ಯಾಹ್ನ 12ರಿಂದ 3ರ ವರೆಗೆ ನೊಗ ಹೂಡಕೂಡದು. ಇನ್ನು ಮನುಷ್ಯನಿಗಾಗಿ 1948ರಲ್ಲಿ ಬಂದ ಕಾರ್ಖಾನೆ ಕಾಯಿದೆಯು ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಎಂದು ಮಿತಿ ಹಾಕಿ, 5 ಗಂಟೆಗೊಮ್ಮೆ ಅರ್ಧ ಗಂಟೆಯ ಬಿಡುವನ್ನು ವಿಧಿಸಿತು. ಗಂಟೆಗಳ ಲೆಕ್ಕದಲ್ಲಿ ಎತ್ತೂ ಆಳೂ ಹೆಚ್ಚುಕಡಮೆ ಸಮಾನರೇ ಆದರು. ಆದರೆ ಹೊರಗಿನ ಬಿಸಿಲಿನ ಡಿಗ್ರಿಯನ್ನು ನೋಡಿ ನಡುಹಗಲಿನಲ್ಲಿ ಕೆಲಸವನ್ನು ನಿಲ್ಲಿಸಬೇಕೆಂಬ ವಾಕ್ಯವು ಆಳಿನ ಕಾಯಿದೆಯಲ್ಲಿ ಇರಲಿಲ್ಲ. ಕಲಬುರಗಿ ವಿಭಾಗದ ಸರಕಾರಿ ಕಚೇರಿಗಳು ಏಪ್ರಿಲ್, ಮೇ ತಿಂಗಳುಗಳಲ್ಲಿ ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1-30ಕ್ಕೆ ಮುಚ್ಚುವ ಏರ್ಪಾಡು ಅನೇಕ ವರ್ಷಗಳಲ್ಲಿ ನಡೆದು ಬಂದಿದೆ. ಹೀಗೆ ಎತ್ತಿಗೆ ನಿಯಮದ ನೆರಳು, ಗುಮಾಸ್ತನಿಗೆ ಆಜ್ಞೆಯ ನೆರಳು. ಹಮಾಲನಿಗಾದರೋ, ಬಿಸಿಲಿನಲ್ಲಿ ಕೆಲಸ ಕಡಮೆ ಮಾಡಿರೆಂಬ ಸಲಹೆಯ ನೆರಳು ಮಾತ್ರ. ಸಲಹೆಯ ಅಡಿಯಲ್ಲಿ ಕುಳಿತರೆ ತಲೆ ತಂಪಾಗುವುದಿಲ್ಲ.

ಇಲ್ಲಿ ಪೂರ್ವಪಕ್ಷಿಯು ಹೇಳಬಹುದು: ಎತ್ತು ಮೂಕಪ್ರಾಣಿ, ತನ್ನ ದಣಿವನ್ನು ಹೇಳಲಾರದು, ಆದುದರಿಂದ ಕಾಯಿದೆಯು ಅದರ ಪರವಾಗಿ ಮಾತನಾಡಬೇಕಾಯಿತು, ಮನುಷ್ಯನಿಗೆ ನಾಲಗೆಯಿದೆ, ಸಾಕೆನಿಸಿದರೆ ಸಾಕೆನ್ನಲಿ. ಈ ವಾದವು ಕೇಳುವುದಕ್ಕೆ ಸಮಂಜಸವಾಗಿದೆ. ಆದರೆ ಚೀಲದ ಲೆಕ್ಕದಲ್ಲಿ ಕೂಲಿ ಎಣಿಸುವವನಿಗೆ ಪ್ರತಿಯೊಂದು ನಿಟ್ಟುಸಿರಿಗೂ ಬೆಲೆಯಿದೆ. ಅವನು ಕುಳಿತಷ್ಟು ಹೊತ್ತು ಮನೆಯ ಒಲೆಯೂ ಕುಳಿತಿರುವುದು. ನಾಲಗೆಯಿದ್ದೂ ಆಡಲಾಗದವನ ಮೂಕತನವು ಎತ್ತಿನ ಮೂಕತನಕ್ಕಿಂತ ಆಳವಾದುದು. ಏಕೆಂದರೆ ಎತ್ತು ಸೋತರೆ ಮಲಗಿಬಿಡುವುದು, ಮನುಷ್ಯನು ಮಕ್ಕಳ ಮುಖವನ್ನು ನೆನೆದು ಮತ್ತೆ ಏಳುವನು. ಅಲ್ಲದೆ ಎತ್ತಿಗೆ ಬೆಲೆಯುಂಟು. ಅದು ಸತ್ತರೆ ಒಡೆಯನಿಗೆ ನಷ್ಟ. ಆಳು ಬಿದ್ದರೆ ನಾಳೆ ಮತ್ತೊಬ್ಬ ಆಳು ಬರುವನು. ಎತ್ತಿನ ಮೇಲಿನ ಕನಿಕರದಲ್ಲಿ ಸ್ವಾರ್ಥದ ಒಂದು ಎಳೆಯೂ ಸೇರಿರುವುದನ್ನು ಮರೆಯಬಾರದು.

ನಮ್ಮ ಹಿಂದಿನವರು ಈ ವಿಷಯದಲ್ಲಿ ಕಣ್ಣು ಮುಚ್ಚಿರಲಿಲ್ಲ. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಮಿತಾಕ್ಷರೆಯನ್ನು ರಚಿಸಿದ ವಿಜ್ಞಾನೇಶ್ವರನು ಇದೇ ಕಲಬುರಗಿ ಜಿಲ್ಲೆಯ ಮರತೂರಿನವನೆಂದು ಪ್ರತೀತಿ. ಅವನು ವ್ಯಾಖ್ಯಾನಿಸಿದ ಯಾಜ್ಞವಲ್ಕ್ಯಸ್ಮೃತಿಯಲ್ಲಿ ದನದ ಒಡೆಯನಿಗೂ ಗೋವಳನಿಗೂ ಬರುವ ವ್ಯಾಜ್ಯಕ್ಕೆ ಒಂದು ಪ್ರಕರಣವಿದೆ. ಕೂಲಿಯ ವ್ಯಾಜ್ಯಕ್ಕೆ ಇನ್ನೊಂದಿದೆ. ಗೋವಳನ ಅಲಕ್ಷ್ಯದಿಂದ ದನ ನಷ್ಟವಾದರೆ ಹೊಣೆ ಗೋವಳನದು. ಕೂಲಿಯನ್ನು ಗೊತ್ತುಮಾಡದೆ ದುಡಿಸಿಕೊಂಡ ಒಡೆಯನಾದರೋ ಲಾಭದ ಹತ್ತನೆಯ ಒಂದು ಪಾಲನ್ನು ಆಳಿಗೆ ತೆರಬೇಕು. ಯಾರ ವಶದಲ್ಲಿ ಒಂದು ಜೀವದ ಬಲವಿದೆಯೋ ಅವರ ಮೇಲೆ ಅದರ ಹೊಣೆಯೂ ಇದೆಯೆಂಬುದೇ ಎರಡು ಪ್ರಕರಣಗಳ ಒಳಗಿನ ತತ್ತ್ವ. ಇದು ದೇಹಲೀದೀಪದಂತೆ ಎರಡು ಕಡೆಗೂ ಬೆಳಕು ಚೆಲ್ಲುವುದು.

ವೈದ್ಯಶಾಸ್ತ್ರವು ಇನ್ನೂ ಸ್ಪಷ್ಟವಾಗಿದೆ. ವ್ಯಾಯಾಮವನ್ನು ಸಹ ಅರ್ಧಬಲದಿಂದ ಮಾತ್ರ ಮಾಡಬೇಕೆಂದು ಸುಶ್ರುತನ ಮತ. ಹಗಲುನಿದ್ದೆಯನ್ನು ಮನುವು ಅರಸರ ಹತ್ತು ಕಾಮಜ ವ್ಯಸನಗಳಲ್ಲಿ ಒಂದೆಂದು ಎಣಿಸಿದನು. ಚರಕನು ಗ್ರೀಷ್ಮಋತುವಿನಲ್ಲಿ ಅದಕ್ಕೆ ಅನುಮತಿಯಿತ್ತನು. ಭಾರ ಹೊತ್ತು, ದಾರಿ ನಡೆದು ಬಳಲಿದವರಿಗಾದರೋ ಯಾವ ಋತುವಿನಲ್ಲಿಯೂ ಸಲ್ಲುವುದೆಂದನು. ಇವೆರಡಕ್ಕೂ ವಿರೋಧವಿಲ್ಲ. ದಣಿಯದವನ ನಿದ್ದೆ ವ್ಯಸನ, ದಣಿದವನ ನಿದ್ದೆ ಔಷಧ. ಲೋಕದ ನಡೆ ಮಾತ್ರ ತಲೆಕೆಳಗಾಗಿದೆ: ದಣಿಯದವನು ಮಲಗಿದರೆ ವೈಭವ, ದಣಿದವನು ಮಲಗಿದರೆ ಸೋಮಾರಿತನ! ಇಂದಿನ ವೈದ್ಯರ ಮಾತೂ ಬೇರೆಯಲ್ಲ. ಬೆವರು ಆರುವುದರಿಂದ ಮೈ ತಂಪಾಗುವುದು. ಬೆವರಿನೊಡನೆ ನೀರೂ ಉಪ್ಪೂ ಹೋಗುವುವು. ಅವನ್ನು ತುಂಬಿಕೊಳ್ಳದೆ ದುಡಿದರೆ ಒಳಗಿನ ಕಾವು ಏರಿ, 40 ಡಿಗ್ರಿಯನ್ನು ಮೀರಿತೆಂದರೆ ಬುದ್ಧಿ ತಪ್ಪಿ ಪ್ರಾಣಕ್ಕೇ ಕುತ್ತು ಬರುವುದು. ಎದೆಗಾರಿಕೆಯಿಂದ ಇದನ್ನು ಗೆಲ್ಲಲಾಗದು.

ಇನ್ನೊಂದು ಆಕ್ಷೇಪವು ಹೆಚ್ಚು ಘನವಾದುದು. ಇದು ಶರಣರ ನಾಡು, ಅವರು ದುಡಿಮೆಗೆ ಕಾಯಕವೆಂಬ ಪವಿತ್ರನಾಮವನ್ನಿತ್ತು ಪೂಜೆಗೆ ಸಮನಾಗಿ ಕೂಡಿಸಿದರು, ಪೂಜೆಗೆ ಮೇರೆಯುಂಟೆ? ಉಂಟೆಂಬುದಕ್ಕೆ ಆಯ್ದಕ್ಕಿ ಮಾರಯ್ಯನ ಮನೆಯೇ ಸಾಕ್ಷಿ. ಕಲ್ಯಾಣದ ಬೀದಿಯಲ್ಲಿ ಅಕ್ಕಿಯನ್ನು ಆಯುವುದು ಅವನ ಕಾಯಕ. ಒಂದು ದಿನ ಅವನು ವಾಡಿಕೆಗಿಂತ ಹೆಚ್ಚಾಗಿ ತಂದಾಗ, ಹೆಂಡತಿ ಲಕ್ಕಮ್ಮನು ಅದನ್ನು ಒಲೆಗೆ ಏರಿಸಲಿಲ್ಲ; ಹೆಚ್ಚಿನ ಅಕ್ಕಿಯನ್ನು ಮರಳಿ ಸುರಿದು ಬರುವಂತೆ ಹೇಳಿದಳು. ಕಾಯಕದ ಕಥೆಗಳಲ್ಲಿ ಬಹು ಪ್ರಸಿದ್ಧವಾದ ಇದು ಹೆಚ್ಚು ದುಡಿದವನ ಪ್ರಶಂಸೆಯಲ್ಲ, ಸಾಕೆಂದವಳ ಪ್ರಶಂಸೆ. ಕೈ ಕೆಸರಾದರೆ ಬಾಯಿ ಮೊಸರೆಂಬ ಗಾದೆ ದಿಟ. ಆದರೆ ಮೊಸರು ಉಣ್ಣುವುದಕ್ಕೆ ಕೈ ತೊಳೆದುಕೊಳ್ಳುವಷ್ಟು ಹೊತ್ತಾದರೂ ಬೇಡವೆ?

ಆ ಹೊತ್ತಿನಲ್ಲಿಯೇ ಮನುಷ್ಯನ ಹವ್ಯಾಸಗಳು ಹುಟ್ಟುವುವು. ಹಾಡು, ಭಜನೆ, ಗಿಡ ಬೆಳೆಸುವುದು, ಪ್ರಾಣಿ ಸಾಕುವುದು, ಇವು ಉಳ್ಳವರ ವಿನೋದವೆಂದು ತಿಳಿಯುವುದು ತಪ್ಪು. ದಿನವಿಡೀ ಇನ್ನೊಬ್ಬರ ಗಡಿಯಾರಕ್ಕೆ ನಡೆದವನು ಸಂಜೆ ತನ್ನ ನಾಯಿಗೆ ತುತ್ತು ಹಾಕುವಾಗ ತಾನೂ ಒಂದು ಮನೆಗೆ ಯಜಮಾನನೆಂಬುದನ್ನು ನೆನೆಯುವನು. ನಾಯಿಯು ಅವನು ಎಷ್ಟು ಚೀಲ ಹೊತ್ತನೆಂದು ಕೇಳುವುದಿಲ್ಲ. ಆದರೆ ಇಲ್ಲಿಯೂ ಅದೇ ಧರ್ಮವು ಅನ್ವಯಿಸುವುದು: ಸಾಕಿದ ಪ್ರಾಣಿ ನಮ್ಮ ಬೇಸರವನ್ನು ಕಳೆಯುವ ಯಂತ್ರವಲ್ಲ. ಬೇಕಾದಾಗ ಮುದ್ದಿಸಿ, ಬೇಡವಾದಾಗ ಬಿಸಿಲಿನಲ್ಲಿ ಕಟ್ಟಿಹಾಕುವವನು ಕೆಟ್ಟ ಒಡೆಯನೇ ಸರಿ. ಕೂಲಿ ಕೊಡಬೇಕಾಗಿಲ್ಲವೆಂಬುದಷ್ಟೇ ಭೇದ.

ನಮ್ಮ ಸೀಮೆಯ ಒಕ್ಕಲಿಗರು ಇದನ್ನು ಶಾಸ್ತ್ರವಿಲ್ಲದೆಯೇ ಬಲ್ಲರು. ಸೋಮವಾರ ಎತ್ತು ಹೂಡದಿರುವುದು ಹಳೆಯ ರೂಢಿ. ಕಾರಹುಣ್ಣಿಮೆಯಂದು ಅವುಗಳ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು ಮೆರೆಸುವರು. ಕಲಬುರಗಿಯ ಶರಣಬಸವೇಶ್ವರರು ತಮ್ಮ ಹೊಲಕ್ಕೆ ಬಂದ ಹಕ್ಕಿಗಳನ್ನು ಓಡಿಸದೆ, ತೆನೆಯನ್ನು ತಿನ್ನಗೊಟ್ಟು ನೀರನ್ನೂ ಇರಿಸಿದರೆಂಬ ಕಥೆಯನ್ನು ಇಲ್ಲಿಯ ಮಕ್ಕಳೂ ಹೇಳುವರು. ಹಕ್ಕಿಗಳು ಅವರ ಆಳುಗಳಲ್ಲ. ಅವುಗಳಿಂದ ಲಾಭವೂ ಇಲ್ಲ. ಹಸಿದುದು ಉಣ್ಣಲಿ, ದಣಿದುದು ಕುಳಿತುಕೊಳ್ಳಲಿ ಎಂಬುದಕ್ಕೆ ಅವರು ಬೇರೆ ಕಾರಣವನ್ನು ಹುಡುಕಲಿಲ್ಲ.

ಗಿರಣಿಯನ್ನು ಮುಚ್ಚಿ ಧರ್ಮವನ್ನು ನಡೆಸಲಾಗದೆಂದು ವ್ಯವಹಾರಜ್ಞರು ಹೇಳುವರು. ಮುಚ್ಚಬೇಕಾಗಿಲ್ಲ. ಕಾಳು ಒಣಗುವುದಕ್ಕೆ ನಡುಹಗಲಿನ ಬಿಸಿಲು ಬೇಕು. ನಡುಹಗಲಿನ ಮನುಷ್ಯನು ಅಷ್ಟಾಗಿ ಬೇಕಾಗಿಲ್ಲ. ಹರವುವುದನ್ನು ಬೆಳಿಗ್ಗೆಯೂ ಬಳಿದು ಕೂಡಿಸುವುದನ್ನು ಸಂಜೆಯೂ ಇಟ್ಟುಕೊಂಡು, ಆ ಮೂರು ಗಂಟೆ ಸೂರ್ಯನೊಬ್ಬನನ್ನೇ ದುಡಿಯಬಿಟ್ಟರೆ ಬೇಳೆಗೆ ಕೊರತೆಯಾಗದು. ಆದರೆ ಆ ಬಿಡುವಿಗಾಗಿ ಕೂಲಿಯನ್ನು ಕಡಿಯಕೂಡದು; ಕಡಿದರೆ ನೆರಳೂ ಒಂದು ದಂಡವಾಗಿಬಿಡುವುದು.

ಮನೆವಂತರು ಕಾಯಿದೆಯನ್ನು ಕಾಯಬೇಕಾದುದೂ ಇಲ್ಲ. ಮಧ್ಯಾಹ್ನ ಬಾಗಿಲಿಗೆ ಬೇಳೆಯ ಚೀಲವನ್ನು ತಂದಿಳಿಸುವವನನ್ನು ಸಂಜೆ ಬರಹೇಳಬಹುದು. ಬಂದೇ ಬಿಟ್ಟಿದ್ದರೆ ಪಡಸಾಲೆಯಲ್ಲಿ ಕುಳ್ಳಿರಿಸಿ, ಉಪ್ಪು ಹಾಕಿದ ಮಜ್ಜಿಗೆಯನ್ನು ಕೊಡಬಹುದು. ಅವನು ಕುಳಿತಿರುವಷ್ಟು ಹೊತ್ತು ಗಡಿಯಾರವನ್ನು ನೋಡದಿರಬಹುದು.