ನೀರು ಬೇರೆ, ತಂಪು ಬೇರೆ

ತೀರ್ಥಹಳ್ಳಿ ಕಡೆಯ ನಮ್ಮೂರ ಹಳ್ಳದ ದರೆಯಿಂದ ಕೂದಲೆಳೆಯಂಥ ಕಪ್ಪು ದಂಟಿನ ಜರಿಗಿಡವೊಂದನ್ನು ಕಿತ್ತು ತಂದು, ಬೆಂಗಳೂರಿನ ಬಾಲ್ಕನಿಯಲ್ಲಿ ನೆಟ್ಟೆ. ಅಂಟು ಕೆಂಪು ಮಣ್ಣು, ದಿನಾ ಎರಡು ಹೊತ್ತು ನೀರು. ಬೇರು ಕೊಳೀತು, ಎಲೆ ಸುಟ್ಟಂಗಾಯ್ತು.

"ನೀರು ಹುಯ್ದ್ರೆ ಆಯ್ತಾ? ತಂಪು ಬೇಡ್ವಾ ಅದಕ್ಕೆ?" ಅಂದ್ಲು ಅಮ್ಮ ಫೋನಲ್ಲಿ.

ಅದಕ್ಕೆ ಬೇಕಿದ್ದದ್ದು ಕೊಳೆತ ದರಗಿನ ಹಗುರ ಮಣ್ಣು, ನೀರು ನಿಲ್ಲದ ತೇವ, ಮರದ ನೆರಳು, ಒದ್ದೆ ಗಾಳಿ. ನಾನು ಕೊಟ್ಟದ್ದು ನನ್ನ ಹತ್ರ ಇದ್ದದ್ದನ್ನ. ಪ್ರೀತಿಯಿಂದಲೇ ಕೊಟ್ಟೆ, ನಿಜ. ಆದರೆ ಪ್ರೀತಿ ಇದ್ದಮಾತ್ರಕ್ಕೆ ಕಿತ್ತು ತರುವ ಹಕ್ಕು ಬರುತ್ತಾ?

ಊರಲ್ಲಿ ಒಬ್ಬಳೇ ಇರೋ ಅಮ್ಮನಿಗೆ 'ಇಲ್ಲೇ ಬಂದಿರು' ಅಂತ ವರ್ಷದಿಂದ ಗಂಟುಬಿದ್ದಿದ್ದೆ. ಅವತ್ತು ಹಾಗನ್ನಲಿಲ್ಲ. "ನಿಂಗೆ ಅಲ್ಲಿ ಏನು ಬೇಕು?" ಅಂತ ಮೊದಲ ಸಲ ಕೇಳಿದೆ.

"ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸ್ಬೇಕು, ಬಾ" ಅಂದ್ಲು.