ಪುಣೆಯ ನದಿ ಹಬ್ಬ, ನಮ್ಮ ಪಂಪೆ: ಕೆಳಗಿನ ಊರಿನ ಸ್ವಾಮಿ



ಸ್ವಾಮಿಗಳೇ, ಈ ಸಲದ ಬರಹ ಶಬರಿಮಲೆಯಿಂದಲ್ಲ, ಪುಣೆಯಿಂದ ಶುರುವಾಗುತ್ತದೆ. ಆದರೆ ಹೋಗಿ ಸೇರುವುದು ಪಂಪೆಯನ್ನೇ. ಸ್ವಲ್ಪ ತಾಳ್ಮೆಯಿಂದ ಓದಿ.

ನಾನು ಕಲಬುರಗಿ ಜಿಲ್ಲೆಯ ಅಫಜಲಪುರ ತಾಲ್ಲೂಕಿನವನು. ನಮ್ಮ ಊರು ಭೀಮಾ ದಂಡೆಯ ಮೇಲಿದೆ. ಕೆಲಸಕ್ಕೆಂದು ಪುಣೆಗೆ ಬಂದು ಕೆಲವು ವರ್ಷಗಳಾದವು. ಒಂದು ಭಾನುವಾರ ಬೆಳಿಗ್ಗೆ ರೂಮಿನ ಗೆಳೆಯನೊಬ್ಬನನ್ನು "ನದಿ ಹಬ್ಬಕ್ಕೆ ಹೋಗೋಣ ಬಾ" ಎಂದು ಕರೆದೆ. ಅವನು ನಕ್ಕುಬಿಟ್ಟ. "ಯಾವ ನದಿ? ಆ ನಾಲಾಕ್ಕೆ ಹಬ್ಬ ಬೇರೆ ಮಾಡ್ತಾರಾ? ಮೊದಲು ಸ್ವಚ್ಛ ಮಾಡ್ಲಿ, ಆಮೇಲೆ ಹಬ್ಬ ಮಾಡ್ಲಿ" ಅಂದ.

ಅವನ ಮಾತಿನಲ್ಲಿ ತಪ್ಪಿಲ್ಲ ಅನಿಸಿತು. ಹಾಸಿಗೆ ಹಿಡಿದ ತಾಯಿಯ ಮುಂದೆ ಯಾರಾದರೂ ಓಲಗ ಊದಿಸುತ್ತಾರೆಯೇ? ಆ ಪ್ರಶ್ನೆ ತಲೆಯಲ್ಲಿ ಇಟ್ಟುಕೊಂಡೇ ಒಬ್ಬನೇ ಹೋದೆ.

ಪುಣೆಯ ನಡುವೆ ಹರಿಯುವ ನದಿ ಮುಠಾ. ಸಹ್ಯಾದ್ರಿಯಲ್ಲಿ ಹುಟ್ಟಿ, ಖಡಕವಾಸಲಾ ಅಣೆಕಟ್ಟು ದಾಟಿ ಊರೊಳಗೆ ಬರುತ್ತದೆ. ಮುಳಶಿ ಕಡೆಯಿಂದ ಬರುವ ಮುಳಾ ಊರ ಮಧ್ಯದ ಸಂಗಮದಲ್ಲಿ ಅದನ್ನು ಕೂಡುತ್ತದೆ. ಅಲ್ಲಿಂದ ಮುಂದೆ ಹೆಸರು ಮುಳಾ-ಮುಠಾ. ಇಲ್ಲಿನ ಕೆಲವರು ಮುಠಾ ನದಿಯನ್ನು 'ಮುಠಾಯಿ' ಎನ್ನುತ್ತಾರೆ. ಮರಾಠಿಯಲ್ಲಿ ಆಯಿ ಅಂದರೆ ಅವ್ವ. ಆ ಹೆಸರಿನಲ್ಲೇ ನದಿ ಹಬ್ಬ ಮಾಡುತ್ತಾರೆ. ದಂಡೆಯ ಮೇಲೆ ನಡಿಗೆ, ಹಾಡು, ಚಿತ್ರ, ಮಕ್ಕಳ ಆಟ, ಹಕ್ಕಿ ನೋಡುವುದು, ಮರ ಗುರುತಿಸುವುದು. 'ಜೀವಿತನದಿ' ಎಂಬ ಸಂಸ್ಥೆಯವರು ನದಿಯ ಒಂದೊಂದು ತುಂಡು ದಂಡೆಯನ್ನು ದತ್ತು ತೆಗೆದುಕೊಂಡು ನೋಡಿಕೊಳ್ಳುವ ಕೆಲಸವನ್ನೂ ಮಾಡುತ್ತಿದ್ದಾರೆ. ಸಿಂಹಗಡ ರಸ್ತೆಯ ವಿಠ್ಠಲವಾಡಿಯಲ್ಲಿ, ಹಳೆಯ ವಿಠ್ಠಲನ ಗುಡಿಯ ಪಕ್ಕದ ದಂಡೆ ಅಂಥದ್ದೊಂದು.

ಆ ದಿನ ನಮ್ಮನ್ನು ನಡೆಸಿಕೊಂಡು ಹೋದ ತಾಯಿಯೊಬ್ಬರು ಕೇಳಿದರು: "ನಿಮ್ಮ ಮನೆಯ ನೀರು ಎಲ್ಲಿಂದ ಬರುತ್ತದೆ? ಬಚ್ಚಲಿನ ನೀರು ಎಲ್ಲಿಗೆ ಹೋಗುತ್ತದೆ?" ಮೂವತ್ತು ಜನರಲ್ಲಿ ಮೊದಲ ಪ್ರಶ್ನೆಗೆ ಉತ್ತರ ಕೊಟ್ಟವರು ಬಹಳ ಮಂದಿ. ಎರಡನೆಯದಕ್ಕೆ ಯಾರೂ ಬಾಯಿ ಬಿಡಲಿಲ್ಲ.

ಆದರೆ ಸ್ವಾಮಿಗಳೇ, ನನಗೆ ಉತ್ತರ ಗೊತ್ತಿತ್ತು. ಅದು ನಮ್ಮೂರಿಗೆ ಹೋಗುತ್ತದೆ.

ಮುಳಾ-ಮುಠಾ ಪೂರ್ವಕ್ಕೆ ಹರಿದು ಭೀಮೆಯನ್ನು ಸೇರುತ್ತದೆ. ಭೀಮೆ ಉಜನಿ ಜಲಾಶಯಕ್ಕೆ ಬರುತ್ತದೆ. ಅಲ್ಲಿಂದ ಪಂಢರಪುರ. ಅಲ್ಲಿ ಚಂದ್ರನ ಹಾಗೆ ಬಾಗಿ ಹರಿಯುವುದರಿಂದ ಅದರ ಹೆಸರು ಚಂದ್ರಭಾಗಾ. ಆಮೇಲೆ ಸೊಲ್ಲಾಪುರ ಜಿಲ್ಲೆ ದಾಟಿ ವಿಜಯಪುರ, ಕಲಬುರಗಿ ಜಿಲ್ಲೆಗಳಿಗೆ ಕಾಲಿಡುತ್ತದೆ. ನಮ್ಮ ತಾಲ್ಲೂಕಿನ ಸೊನ್ನ ಬ್ಯಾರೇಜಿನಲ್ಲಿ ನಿಲ್ಲುವುದು ಅದೇ ನೀರು. ಗಾಣಗಾಪುರದ ಸಂಗಮದಲ್ಲಿ ದತ್ತನ ಭಕ್ತರು ಮುಳುಗುವುದು ಅದೇ ನೀರಿನಲ್ಲಿ. ಕೊನೆಗೆ ಕೃಷ್ಣೆ.

2018ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ದೇಶದಲ್ಲಿ ಕೆಟ್ಟುಹೋದ 351 ನದಿ ಭಾಗಗಳ ಪಟ್ಟಿ ಮಾಡಿತು. ಅದರಲ್ಲಿ 53 ಮಹಾರಾಷ್ಟ್ರದವು. ಮುಳಾ-ಮುಠಾ ಆ ಪಟ್ಟಿಯಲ್ಲಿದೆ. ಕಾರಣ ದೊಡ್ಡ ರಹಸ್ಯವೇನಲ್ಲ. ಊರು ಬೆಳೆದಷ್ಟು ವೇಗದಲ್ಲಿ ಕೊಳಚೆ ಶುದ್ಧ ಮಾಡುವ ಘಟಕಗಳು ಬೆಳೆಯಲಿಲ್ಲ.

ಆ ವಾರ ಊರಿಗೆ ಫೋನ್ ಮಾಡಿದಾಗ ಅವ್ವನಿಗೆ ಹಬ್ಬದ ಸುದ್ದಿ ಹೇಳಿದೆ. ಅವ್ವ ಎಲ್ಲ ಕೇಳಿಸಿಕೊಂಡು, "ಛಲೋ ಆತು ತಮ್ಮಾ. ಅಲ್ಲಿ ಹಾಡ್ರಿ, ಕುಣೀರಿ. ಆದ್ರ ನೀವ್ ಅಲ್ಲಿ ಏನ್ ಬಿಡ್ತೀರಿ ಅನ್ನೋದು ನೆನಪ ಇರ್ಲಿ. ಇಲ್ಲಿ ನಾವ್ ಕುಡೀತೀವಿ" ಅಂದಳು.

ಆ ಮಾತು ಪುಣೆಯವರಿಗೆ ಅಂದದ್ದು. ಆದರೆ ನನಗೆ ನೆನಪಾದದ್ದು ಪಂಪೆ.

ನಾನು ಕನ್ನಿಸ್ವಾಮಿಯಾಗಿ ಹೋದ ವರ್ಷ. ದರ್ಶನ ಮುಗಿಸಿ ಬೆಟ್ಟ ಇಳಿದು ಪಂಪೆಗೆ ಬಂದೆವು. ನಮ್ಮ ಗುಂಪಿನಲ್ಲಿ ಬಹಳ ಜನ ಸ್ನಾನ ಮಾಡಿ, ಉಟ್ಟ ಕಪ್ಪು ಪಂಚೆಯನ್ನು ನೀರಿಗೆ ಬಿಟ್ಟರು. ಪಾಪವೆಲ್ಲ ಅದರ ಜೊತೆ ಹೋಗುತ್ತದೆ ಎಂದು ಯಾರೋ ಹೇಳಿದರು. ನಾನೂ ಕೈ ಮುಗಿದು ಬಿಟ್ಟೆ. ಹತ್ತು ಹೆಜ್ಜೆ ಕೆಳಗೆ ಮೊಣಕಾಲುದ್ದ ನೀರಿನಲ್ಲಿ ಒಬ್ಬ ಕೆಲಸಗಾರ ನಿಂತಿದ್ದ. ಕೈಯಲ್ಲಿ ಉದ್ದನೆ ಕೋಲು. ನಿಮಿಷದೊಳಗೆ ನನ್ನ ಪಂಚೆಯನ್ನು ಎಳೆದು, ಹಿಂಡಿ, ದಂಡೆಯ ಮೇಲಿನ ರಾಶಿಗೆ ಎಸೆದ. ತಲೆ ಎತ್ತಿ ನನ್ನನ್ನು ನೋಡಿ "ಸ್ವಾಮಿ ಶರಣಂ" ಅಂದ.

ನಾನೂ "ಸ್ವಾಮಿ ಶರಣಂ" ಅಂದೆ. ಆದರೆ ಗಂಟಲು ಕಟ್ಟಿತ್ತು. 41 ದಿನ ವ್ರತ ಮಾಡಿ ಕಳೆದುಕೊಂಡೆ ಅಂದುಕೊಂಡದ್ದನ್ನು ಇನ್ನೊಬ್ಬ ಸ್ವಾಮಿಯ ಕೈಗೆ ಕೊಟ್ಟು ಬಂದಿದ್ದೆ.

ಆಮೇಲೆ ತಿಳಿಯಿತು, ಬಟ್ಟೆ ಬಿಡುವುದು ಆ ಕ್ಷೇತ್ರದ ಆಚಾರವೇ ಅಲ್ಲ. ದೇವಸ್ವಂ ಮಂಡಳಿಯೂ ತಂತ್ರಿಗಳೂ ಇದನ್ನು ಹೇಳುತ್ತಲೇ ಬಂದಿದ್ದಾರೆ. ಕೇರಳ ಹೈಕೋರ್ಟ್ ಕೂಡ ನಿಷೇಧಿಸಿದೆ. ಬೇರೆ ರಾಜ್ಯಗಳಿಂದ ಹೋಗುವ ನಾವೇ ಒಬ್ಬರನ್ನೊಬ್ಬರು ನೋಡಿ ಕಲಿತು, ಅದಕ್ಕೆ ಪುಣ್ಯದ ಹೆಸರು ಕೊಟ್ಟಿದ್ದೇವೆ.

ಈಗ ಪ್ರಶ್ನೆಗೆ ಬರೋಣ. ನದಿ ಪವಿತ್ರ ಎನ್ನುತ್ತೇವೆ. ಪವಿತ್ರವಾದದ್ದು ಕೊಳೆಯಾಗುತ್ತದೆಯೇ?

ನಮ್ಮಲ್ಲಿ ಅನೇಕರು ಒಳಗೊಳಗೇ ಆಗುವುದಿಲ್ಲ ಎಂದು ನಂಬಿದ್ದೇವೆ. ಪಾಪ ತೊಳೆಯುವ ನೀರಿಗೆ ಒಂದು ಪಂಚೆ, ಒಂದು ಪ್ಲಾಸ್ಟಿಕ್ ಕವರು ಏನು ಲೆಕ್ಕ? ಪಂಪೆ ಪಂಪೆಯೇ, ಗಂಗೆ ಗಂಗೆಯೇ. ಈ ನಂಬಿಕೆಯಲ್ಲಿ ಅರ್ಧ ಸತ್ಯವಿದೆ. ಪಾವಿತ್ರ್ಯ ಅನ್ನುವುದು ಪ್ರಯೋಗಾಲಯದಲ್ಲಿ ಅಳೆಯುವ ವಸ್ತುವಲ್ಲ. ಕೊಳೆಯಾದ ಭೀಮೆಗೂ ನಮ್ಮ ಅವ್ವ ಬಾಗಿನ ಕೊಡುತ್ತಾಳೆ. ಅದನ್ನು ನಾನು ಮೂಢನಂಬಿಕೆ ಅನ್ನುವುದಿಲ್ಲ.

ಉಳಿದರ್ಧ ನೋಡಿ. ನದಿಯನ್ನು ತಾಯಿ ಅಂದ ಮೇಲೆ ಅವಳಿಗೆ ಮೈ ಇದೆ ಎಂದಾಯಿತು. ತಾಯಿಯ ಮೇಲಿನ ಗೌರವ ಅವಳಿಗೆ ಜ್ವರ ಬಂದರೆ ಕಡಿಮೆಯಾಗುವುದಿಲ್ಲ, ನಿಜ. ಆದರೆ ಗೌರವ ಕಡಿಮೆಯಾಗುವುದಿಲ್ಲ ಎಂಬ ಕಾರಣಕ್ಕೆ ಜ್ವರಕ್ಕೆ ಔಷಧಿ ಕೊಡದೆ ಇರುತ್ತೇವೆಯೇ? ಪಾವಿತ್ರ್ಯ ಅವಳದ್ದು, ಅದನ್ನು ಯಾರೂ ಕಸಿದುಕೊಳ್ಳಲಾರರು. ಸ್ವಚ್ಛತೆ ನಮ್ಮ ಕರ್ತವ್ಯ. ಅವಳದ್ದನ್ನು ತೋರಿಸಿ ನಮ್ಮದನ್ನು ತಪ್ಪಿಸಿಕೊಳ್ಳುವುದು ಭಕ್ತಿಯಲ್ಲ, ಸೋಮಾರಿತನ.

ಇನ್ನೂ ಒಂದು ಮಾತಿದೆ. ಮಾಲೆ ಹಾಕಿದ ದಿನದಿಂದ ನಾವು ಎಲ್ಲರನ್ನೂ ಸ್ವಾಮಿ ಎನ್ನುತ್ತೇವೆ. ಬಸ್ಸಿನ ಡ್ರೈವರ್ ಸ್ವಾಮಿ, ಚಹಾ ಕೊಡುವ ಹುಡುಗ ಸ್ವಾಮಿ, ಮಣಿಕಂಠಂದಿರು ಪುಟ್ಟ ಸ್ವಾಮಿಗಳು. ಹದಿನೆಂಟು ಮೆಟ್ಟಿಲು ಹತ್ತಿ ತಲೆ ಎತ್ತಿದರೆ ಕಾಣುವುದು 'ತತ್ತ್ವಮಸಿ'. ಪುಣೆಯಲ್ಲಿ ನಾನು ಇದನ್ನೇ ಬೇರೆ ರೂಪದಲ್ಲಿ ಕಂಡೆ. ಆಷಾಢದಲ್ಲಿ ಆಳಂದಿ, ದೇಹೂಗಳಿಂದ ಪಾಲಕಿಗಳು ಪುಣೆಯ ಮೂಲಕ ಪಂಢರಪುರಕ್ಕೆ ನಡೆದು ಹೋಗುತ್ತವೆ. ವಾರಕರಿಗಳ ಕೊರಳಲ್ಲೂ ಮಾಲೆ, ತುಳಸಿಯದ್ದು. ಅವರು ಒಬ್ಬರನ್ನೊಬ್ಬರು 'ಮಾವುಲಿ' ಎಂದು ಕರೆಯುತ್ತಾರೆ. ಅಂದರೆ ತಾಯಿ. ನಾವು ಸ್ವಾಮಿ, ಅವರು ಮಾವುಲಿ. ಎದುರಿಗಿರುವವನಲ್ಲಿ ದೇವರನ್ನು ಕಾಣುವ ಅಭ್ಯಾಸ ಎರಡೂ ಕಡೆ ಒಂದೇ.

ಆದರೆ ಎದುರಿಗೆ ಇಲ್ಲದವನು? ಪುಣೆಯಲ್ಲಿ ಬಿಟ್ಟ ಕೊಳಚೆಯ ಪಾಲು ಚಂದ್ರಭಾಗೆಗೂ ಹೋಗುತ್ತದೆ. ಅಲ್ಲಿ ಸ್ನಾನ ಮಾಡುವವಳೂ ಮಾವುಲಿಯೇ. ಪಂಪೆಯಲ್ಲಿ ಬಿಟ್ಟದ್ದು ಕುಟ್ಟನಾಡಿನ ಗದ್ದೆಗಳ ಕಡೆಗೆ, ವೇಂಬನಾಡು ಕಾಯಲಿನ ಕಡೆಗೆ ಹೋಗುತ್ತದೆ. ಆ ದಾರಿಯಲ್ಲಿ ಕೊಡ ತುಂಬಿಕೊಳ್ಳುವವನ ಮುಖ ನಾವು ಯಾವತ್ತೂ ನೋಡುವುದಿಲ್ಲ. ಅವನು ಸ್ವಾಮಿಯೋ ಅಲ್ಲವೋ? ಕಣ್ಣಿಗೆ ಬಿದ್ದವನಷ್ಟೇ ಸ್ವಾಮಿ ಅನ್ನುವುದಾದರೆ ತತ್ತ್ವಮಸಿ ಎಂಬುದು ಬರೀ ಬೋರ್ಡು. ನನ್ನ ಮಟ್ಟಿಗೆ ನದಿಯ ಧರ್ಮ ಇಷ್ಟೇ: ಕೆಳಗಿನ ಊರಿನವನೂ ಸ್ವಾಮಿ.

ಹಾಗಾದರೆ ಕೆಟ್ಟ ನದಿಗೆ ಹಬ್ಬ ಮಾಡುವುದು ಸರಿಯೇ?

ಹಬ್ಬದಿಂದ ನೀರು ಶುದ್ಧವಾಗುವುದಿಲ್ಲ. ಅದನ್ನು ಒಪ್ಪಿಕೊಳ್ಳಬೇಕು. ಹಾಡಿನಿಂದ ಕೊಳಚೆ ಸೋಸುವುದಿಲ್ಲ. ಆದರೆ ನನ್ನ ಗೆಳೆಯ ಅದನ್ನು ನಾಲಾ ಅಂದನಲ್ಲ, ರೋಗ ಅಲ್ಲಿಂದಲೇ ಶುರು. ನಾಲಾ ಎಂದು ಕರೆದ ಮೇಲೆ ಅದಕ್ಕೆ ಏನು ಸುರಿದರೂ ಮನಸ್ಸಿಗೆ ಚುಚ್ಚುವುದಿಲ್ಲ. 1961ರ ಜುಲೈ 12ರಂದು ಪಾನಶೆತ್ ಅಣೆಕಟ್ಟು ಒಡೆದು ಇದೇ ನದಿ ಊರನ್ನು ಮುಳುಗಿಸಿದಾಗ ಯಾರೂ ಅದನ್ನು ನಾಲಾ ಅಂದಿರಲಾರರು. ಹಬ್ಬ ಮಾಡುವುದು ಆ ಹೆಸರು ತಿದ್ದುವ ಕೆಲಸ. ಮಗುವಿನ ಕೈಹಿಡಿದು ದಂಡೆಗೆ ಕರೆದೊಯ್ದು, ಮಿಂಚುಳ್ಳಿ ತೋರಿಸಿ, ಇದು ನದಿ, ಇವಳು ಆಯಿ ಅನ್ನುತ್ತದೆ. ನೋಡದೆ ಇದ್ದದ್ದನ್ನು ಯಾರೂ ಕಾಪಾಡುವುದಿಲ್ಲ. ಪುಣೆ ಮಹಾನಗರ ಪಾಲಿಕೆಯ 44 ಕಿಲೋಮೀಟರ್ ನದಿದಂಡೆ ಯೋಜನೆಗೆ 2022ರ ಮಾರ್ಚ್‌ನಲ್ಲಿ ಪ್ರಧಾನಿ ಅಡಿಗಲ್ಲು ಹಾಕಿದರು. ದಂಡೆ ಚೆಂದವಾಗುತ್ತದೆ, ಜನ ನದಿಯ ಹತ್ತಿರ ಬರುತ್ತಾರೆ ಅನ್ನುವವರಿದ್ದಾರೆ. ಪಾತ್ರ ಕಿರಿದಾಗುತ್ತದೆ, ಮರ ಹೋಗುತ್ತವೆ ಎಂದು 2023ರ ಏಪ್ರಿಲ್‌ನಲ್ಲಿ ಚಿಪ್ಕೋ ಮೆರವಣಿಗೆ ಮಾಡಿದವರೂ ಇದ್ದಾರೆ. ಯಾರು ಸರಿ ಎಂಬ ತೀರ್ಪು ಕೊಡಲು ನಾನು ಎಂಜಿನಿಯರ್ ಅಲ್ಲ. ಆದರೆ ನದಿಗಾಗಿ ವಾದ ಮಾಡುವಷ್ಟು ಜನ ಆ ಊರಿನಲ್ಲಿ ಹುಟ್ಟಿಕೊಂಡಿದ್ದಾರೆ. ನಾಲಾಕ್ಕಾಗಿ ಯಾರೂ ವಾದ ಮಾಡುವುದಿಲ್ಲ.

ಇನ್ನು ಹಬ್ಬದ ಮಿತಿ. ಇದಕ್ಕೂ ಪುಣೆಯದ್ದೇ ಉದಾಹರಣೆ, ಅದೂ ನಮ್ಮವರದ್ದು. ಗದಗಿನ ಭೀಮಸೇನ ಜೋಶಿಯವರು ಕುಂದಗೋಳದ ತಮ್ಮ ಗುರು ಸವಾಯಿ ಗಂಧರ್ವರ ನೆನಪಿಗೆ 1953ರಲ್ಲಿ ಪುಣೆಯಲ್ಲಿ ಸಂಗೀತೋತ್ಸವ ಶುರು ಮಾಡಿದರು. ಅದು ಇವತ್ತಿಗೂ ನಡೆಯುತ್ತಿದೆ. ಉತ್ಸವ ವರ್ಷಕ್ಕೆ ಕೆಲವೇ ದಿನ. ಆದರೆ ಆ ವೇದಿಕೆಯಲ್ಲಿ ಒಂದು ಗಂಟೆ ಹಾಡುವವರ ಹಿಂದೆ ಎಷ್ಟು ವರ್ಷಗಳ ರಿಯಾಜ್ ಇರುತ್ತದೆ! ರಿಯಾಜ್ ಇಲ್ಲದ ಉತ್ಸವ ಗದ್ದಲವಷ್ಟೇ. ಉತ್ಸವವೇ ಇಲ್ಲದಿದ್ದರೆ ರಿಯಾಜ್ ಮಾಡುವವನಿಗೆ ಉತ್ಸಾಹವೂ ಬತ್ತುತ್ತದೆ.

ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಕರವಿಳಕ್ಕು ಹಬ್ಬ, 41 ದಿನ ವ್ರತ. ವ್ರತವಿಲ್ಲದೆ ಜ್ಯೋತಿ ನೋಡಲು ಹೋದವನು ಪ್ರವಾಸಿ. ಪಂಪೆಯಲ್ಲೇ ದೀಪ ತೇಲಿಬಿಡುವ ಪಂಪಾವಿಳಕ್ಕು ಇದೆ. ಅದೂ ನದಿ ಹಬ್ಬವೇ ತಾನೇ? ನದಿಗೆ ದೀಪ ಬಿಡುವ ಕೈ ಅದೇ ನದಿಗೆ ಪಂಚೆ ಬಿಟ್ಟರೆ ಹಬ್ಬ ಸುಳ್ಳಾಗುತ್ತದೆ.

"ನನ್ನೊಬ್ಬನಿಂದ ಏನಾಗುತ್ತದೆ ಸ್ವಾಮಿ?" ಎಂದು ಕೇಳುವವರಿಗೆ ಒಂದು ಮಾತು. ಇಲ್ಲಿ ಎರಡು ಬಗೆಯ ಕೊಳೆಯನ್ನು ಬೇರೆ ಬೇರೆ ನೋಡಬೇಕು. ಪುಣೆಯ ಕೊಳಚೆ ನಾನು ಸೋಪು ಕಡಿಮೆ ಹಾಕಿದ ಮಾತ್ರಕ್ಕೆ ನಿಲ್ಲುವುದಿಲ್ಲ. ಅದಕ್ಕೆ ಘಟಕ ಬೇಕು, ಪೈಪು ಬೇಕು, ಹಣ ಬೇಕು. 2016ರಲ್ಲಿ ಜಪಾನಿನ ಸಾಲದ ನೆರವಿನಿಂದ 11 ಶುದ್ಧೀಕರಣ ಘಟಕಗಳ ಯೋಜನೆ ಒಪ್ಪಂದವಾದದ್ದು ಅದಕ್ಕೇ. ಅಲ್ಲಿ ನನ್ನ ಕರ್ತವ್ಯ ಪ್ರಜೆಯದ್ದು: ಕೇಳುವುದು, ಮತ್ತೆ ಮತ್ತೆ ಕೇಳುವುದು. ಪಂಪೆಯ ಬಟ್ಟೆ ಹಾಗಲ್ಲ. ಅಲ್ಲಿ ಕಾರ್ಖಾನೆ ಇಲ್ಲ, ಪಾಲಿಕೆ ಇಲ್ಲ. ಲಕ್ಷ ಪಂಚೆ ಅಂದರೆ ಲಕ್ಷ ಜನ ಒಂದೊಂದು ಬಿಟ್ಟದ್ದು, ಅಷ್ಟೇ. ಅಲ್ಲಿ ನಾನೊಬ್ಬ ಬಿಡದಿದ್ದರೆ ಒಂದು ಖಂಡಿತ ಕಡಿಮೆ. ದೊಡ್ಡ ಕೊಳಚೆಯನ್ನು ತೋರಿಸಿ ಸಣ್ಣ ಪಂಚೆಯನ್ನು ಮುಚ್ಚಿಡಬಾರದು. ಸಣ್ಣ ಪಂಚೆ ಎತ್ತಿಕೊಂಡೆನೆಂದು ದೊಡ್ಡ ಕೊಳಚೆಯನ್ನು ಮರೆಯಲೂಬಾರದು.

ದಾರಿ ಈಗಾಗಲೇ ಇದೆ. 2011ರಲ್ಲಿ ಕೇರಳ ಪೊಲೀಸ್ ಅಧಿಕಾರಿ ಪಿ. ವಿಜಯನ್ ಅವರು ಶುರು ಮಾಡಿದ 'ಪುಣ್ಯಂ ಪೂಂಗಾವನಂ'ನಲ್ಲಿ ಪೊಲೀಸರು, ಯಾತ್ರಿಕರು ಒಟ್ಟಿಗೆ ಪೊರಕೆ ಹಿಡಿದರು. ಪೂಂಗಾವನ ಅಂದರೆ ಅಯ್ಯಪ್ಪನ ಹೂದೋಟ. ಆನೆ, ಕಡವೆ ಓಡಾಡುವ ಆ ಕಾಡು ಪೆರಿಯಾರ್ ಹುಲಿ ರಕ್ಷಿತಾರಣ್ಯ. ನಾವು ಅಲ್ಲಿ ಅತಿಥಿಗಳು. ಈ ಸಲ ಇರುಮುಡಿ ಕಟ್ಟುವಾಗ ಪ್ಲಾಸ್ಟಿಕ್ ಕವರು ಬೇಡ, ಅಕ್ಕಿ ಬೇಳೆಗೆ ಬಟ್ಟೆ ಚೀಲ ಸಾಕು. ಪಂಪೆಯಲ್ಲಿ ಸೋಪು, ಶಾಂಪೂ ಬೇಡ, ಬರೀ ಮುಳುಗು. ಕಪ್ಪು ಪಂಚೆ ಒಗೆದು ಮನೆಗೆ ತನ್ನಿ, ಬರುವ ವರ್ಷಕ್ಕೂ ಆಗುತ್ತದೆ. ಗುಂಪಿನ ಕನ್ನಿಸ್ವಾಮಿಗಳಿಗೆ ಇದನ್ನು ಗುರುಸ್ವಾಮಿಗಳೇ ಮೊದಲ ದಿನವೇ ಹೇಳಿಬಿಡಲಿ. ಅವರು ನಮ್ಮನ್ನು ನೋಡಿಯೇ ಕಲಿಯುವುದು.

ನನ್ನ ಗೆಳೆಯ ಹಬ್ಬಕ್ಕೆ ಬರಲಿಲ್ಲ. ಆದರೆ ಮೊನ್ನೆ ಸೇತುವೆ ದಾಟುವಾಗ "ನಿಮ್ಮೂರ ನದಿ ನೋಡೋ" ಅಂದ. ತಮಾಷೆಗೇ ಅಂದದ್ದು. ನಾಲಾ ಎನ್ನಲಿಲ್ಲ.

ಕಳೆದ ವರ್ಷ ಪಂಪೆಯಲ್ಲಿ ಒದ್ದೆ ಪಂಚೆ ಹಿಂಡಿ ಚೀಲಕ್ಕೆ ಹಾಕಿಕೊಂಡೆ. ಕೆಳಗೆ ನೀರಿನಲ್ಲಿ ಕೋಲು ಹಿಡಿದು ಒಬ್ಬ ಸ್ವಾಮಿ ನಿಂತಿದ್ದ. ಅವನೇ ಇವನೋ, ಬೇರೆಯವನೋ ಗೊತ್ತಾಗಲಿಲ್ಲ. "ಸ್ವಾಮಿ ಶರಣಂ" ಅಂದೆ. ಈ ಸಲ ಗಂಟಲು ಕಟ್ಟಲಿಲ್ಲ.

ಸ್ವಾಮಿ ಶರಣಂ.