ಬೆರಳಿಗೂ ಉಪವಾಸವಿರಲಿ



ಹೊಟ್ಟೆಗಿರುವಂತೆ ನಾಲಿಗೆಗೂ ಉಪವಾಸವಿದೆ ಎಂಬುದನ್ನು ನಾವೆಲ್ಲ ಕೇಳಿದ್ದೇವೆ. ಯಾರಾದರೂ ಬೈದರೆ, ಜಗಳಕ್ಕೆ ಬಂದರೆ, ತಾನು ಉಪವಾಸಿಗನೆಂದು ಹೇಳಿ ಸುಮ್ಮನಾಗಬೇಕೆಂದು ಪ್ರವಾದಿ ಮುಹಮ್ಮದ್(ಸ) ಕಲಿಸಿದ್ದಾರೆ. ಆದರೆ ಇಂದು ಕೆಲಸದ ಸ್ಥಳದ ಎಷ್ಟೋ ಜಗಳಗಳು ಬೆರಳ ತುದಿಯಲ್ಲೇ ನಡೆಯುತ್ತವೆ. ಬಾಯಿ ಮುಚ್ಚಿಯೇ ಇರುತ್ತದೆ. ಇಮೇಲ್, ವಾಟ್ಸಾಪ್ ಬೈಯುತ್ತವೆ.

ಘಾಲಾದ ವರ್ಕ್‌ಶಾಪಿನಲ್ಲೋ ಅಲ್ ಖುವೈರಿನ ಆಫೀಸಿನಲ್ಲೋ ಇರುವ ಒಬ್ಬ ಸಹೋದರನನ್ನು ಊಹಿಸಿಕೊಳ್ಳಿ. ಮಧ್ಯಾಹ್ನದ ಹೊತ್ತು, ಗಂಟಲು ಒಣಗಿದೆ, ಸಹ್ರಿಗೆ ಎದ್ದ ನಿದ್ದೆ ಇನ್ನೂ ಕಣ್ಣಲ್ಲಿದೆ. ಅಷ್ಟರಲ್ಲಿ ಮೇಲಧಿಕಾರಿಯ ಇಮೇಲ್ ಬರುತ್ತದೆ: ಮಾಲು ತಡವಾದದ್ದು ನಿನ್ನಿಂದಲೇ ಎಂದು. ಅದರ ಪ್ರತಿ ಹತ್ತು ಮಂದಿಗೆ ಹೋಗಿದೆ. ತಪ್ಪು ಅವನದಲ್ಲ. ರಕ್ತ ಕುದಿಯುತ್ತದೆ. ಹತ್ತೂ ಮಂದಿಗೆ ತಲುಪುವಂತೆ ಉತ್ತರ ಬರೆದು ಕಳಿಸಿಬಿಡುತ್ತಾನೆ. ಅದರಲ್ಲಿ ಮಾಲಿನ ವಿಷಯ ಎರಡು ಸಾಲು. ಉಳಿದದ್ದೆಲ್ಲ ಆ ಮನುಷ್ಯನ ಯೋಗ್ಯತೆಯ ಬಗ್ಗೆ. ಇಫ್ತಾರಿನಲ್ಲಿ ಖರ್ಜೂರ ಬಾಯಿಗಿಡುವಾಗ ಸಿಟ್ಟು ಇಳಿದಿರುತ್ತದೆ. ಕಳಿಸಿದ್ದು ಮಾತ್ರ ಹತ್ತು ಜನರ ಬಳಿ ಹಾಗೆಯೇ ಇರುತ್ತದೆ.

ಪ್ರವಾದಿ(ಸ)ರು ಒಮ್ಮೆ ಸಹಾಬಿಗಳಲ್ಲಿ ದಿವಾಳಿಯಾದವನು ಯಾರೆಂದು ಕೇಳಿದರು. ಹಣ, ಸಾಮಾನು ಇಲ್ಲದವನೆಂದು ಅವರು ಉತ್ತರಿಸಿದರು. ಆಗ ಪ್ರವಾದಿ(ಸ)ರು, ನಮಾಝ್, ಉಪವಾಸ, ಝಕಾತ್‌ಗಳೊಂದಿಗೆ ಪರಲೋಕಕ್ಕೆ ಬಂದರೂ ಒಬ್ಬನನ್ನು ಬೈದು, ಇನ್ನೊಬ್ಬನ ಮೇಲೆ ಆರೋಪ ಹೊರಿಸಿ ಬಂದವನೇ ದಿವಾಳಿಯೆಂದೂ, ಅವನ ಪುಣ್ಯಗಳನ್ನು ಅವರಿಗೆ ಹಂಚಲಾಗುವುದೆಂದೂ ವಿವರಿಸಿದರು. ನಾವು ಬಾಯಾರಿ ಗಳಿಸಿದ ಉಪವಾಸವು ಒಂದು ಇಮೇಲಿಗಾಗಿ ಇನ್ನೊಬ್ಬನ ಪಾಲಾದರೆ ನಮಗೆ ಉಳಿಯುವುದೇನು? ಎದುರಿಗೆ ಬೈದವನು ಒಬ್ಬನ ಕೈ ಹಿಡಿದು ಕ್ಷಮೆ ಕೇಳಬಹುದು. ಹತ್ತು ಜನರ ಮುಂದೆ ಕಳೆದ ಮಾನವನ್ನು ಮರಳಿಸುವುದು ಅಷ್ಟು ಸುಲಭವಲ್ಲ.

ಇಹಲೋಕದ ಲೆಕ್ಕವೂ ಇದೆ. ಒಮಾನಿನ 2011ರ ಸೈಬರ್ ಅಪರಾಧ ಕಾನೂನಿನಡಿ ಫೋನು, ಇಂಟರ್‌ನೆಟ್ ಮೂಲಕ ಇನ್ನೊಬ್ಬರನ್ನು ನಿಂದಿಸುವುದೂ ಅಪರಾಧವೇ. ಊರಲ್ಲಿ ಮನೆಯ ಸಾಲ, ತಂಗಿಯ ಮದುವೆ, ಮಕ್ಕಳ ಫೀಸು ಎಲ್ಲವೂ ನಮ್ಮ ಈ ಕೆಲಸವನ್ನೇ ನಂಬಿವೆ.

ಹಾಗಾದರೆ ಅನ್ಯಾಯವನ್ನು ಸಹಿಸಿ ಸುಮ್ಮನಿರಬೇಕೇ? ಇಲ್ಲ. ಕೆಟ್ಟ ಮಾತನ್ನು ಬಹಿರಂಗವಾಗಿ ಆಡುವುದು ಅಲ್ಲಾಹನಿಗೆ ಇಷ್ಟವಿಲ್ಲ, ಆದರೆ ಅನ್ಯಾಯಕ್ಕೊಳಗಾದವನಿಗೆ ದೂರು ಹೇಳುವ ಹಕ್ಕಿದೆ ಎಂಬುದು ಸೂರಃ ಅನ್ನಿಸಾದ ಬೋಧನೆ. ಫಿರ್‌ಔನನ ಬಳಿಗೆ ಕಳುಹಿಸುವಾಗ ಅಲ್ಲಾಹನು ಮೂಸಾ(ಅ) ಮತ್ತು ಹಾರೂನ್(ಅ)ರಿಗೆ ಮೃದುವಾಗಿ ಮಾತಾಡಲು ಆಜ್ಞಾಪಿಸಿದನು. ಅವರು ಮೃದುವಾಗಿ ಮಾತಾಡಿದರು, ಸತ್ಯವನ್ನೂ ಬಿಡಲಿಲ್ಲ. ಫಿರ್‌ಔನನಿಗೇ ಮೃದು ಮಾತು ಸಲ್ಲುವುದಾದರೆ ನಮ್ಮ ಸೂಪರ್‌ವೈಸರಿಗೆ ಸಲ್ಲದೇ?

ಆದ್ದರಿಂದ ಸಿಟ್ಟು ಬಂದಾಗ ಮೊದಲು ಫೋನು ಕೆಳಗಿಡಿ. ನಿಂತಿದ್ದರೆ ಕುಳಿತುಕೊಳ್ಳಿ, ಅದರಿಂದಲೂ ಇಳಿಯದಿದ್ದರೆ ಮಲಗಿ. ಇದು ಪ್ರವಾದಿ(ಸ)ರು ಹೇಳಿಕೊಟ್ಟ ಉಪಾಯ. ವುಝೂ ಮಾಡಿ. ಬರೆಯಲೇಬೇಕೆನಿಸಿದರೆ ಬರೆಯಿರಿ, ಆದರೆ ಯಾರಿಗೆಂಬ ಜಾಗವನ್ನು ಖಾಲಿ ಬಿಡಿ. ತರಾವೀಹ್ ಮುಗಿಸಿ ಬಂದು ಮತ್ತೊಮ್ಮೆ ಓದಿ. ಸುದ್ದಿ ಬಂದರೆ ವಿಚಾರಿಸಿ ನೋಡಬೇಕೆಂದು ಸೂರಃ ಅಲ್ ಹುಜುರಾತ್ ಹೇಳುತ್ತದೆ. ಆತ ಬರೆದದ್ದರ ಅರ್ಥ ಅದೇ ಏನೆಂದು ಒಮ್ಮೆ ಕೇಳಿ ನೋಡಿ. ಬೈಗುಳವನ್ನು ಅಳಿಸಿ, ತಾರೀಖು, ಗಂಟೆ, ರಿಯಾಲ್ ಮಾತ್ರ ಉಳಿಸಿ. ಉದಾಹರಣೆಗೆ, 2023ರ ಕಾರ್ಮಿಕ ಕಾನೂನಿನ ಪ್ರಕಾರ ರಮಝಾನಿನಲ್ಲಿ ಮುಸ್ಲಿಮ್ ಕಾರ್ಮಿಕನ ಕೆಲಸ ದಿನಕ್ಕೆ 6 ಗಂಟೆ, ವಾರಕ್ಕೆ 30 ಗಂಟೆ ಮೀರುವಂತಿಲ್ಲ. ಹೆಚ್ಚು ದುಡಿದಿದ್ದರೆ ಯಾವ ದಿನ ಎಷ್ಟು ಗಂಟೆಯೆಂದು ಬರೆಯಿರಿ. ಅಂಥ ಕಾಗದವನ್ನು ಕಾರ್ಮಿಕ ಸಚಿವಾಲಯದಲ್ಲೂ ಭಾರತೀಯ ರಾಯಭಾರ ಕಚೇರಿಯಲ್ಲೂ ಧೈರ್ಯವಾಗಿ ತೋರಿಸಬಹುದು. ಬೈಗುಳ ತುಂಬಿದ ಕಾಗದವು ಬರೆದವನ ಮೇಲೆಯೇ ಸಾಕ್ಷಿ ನುಡಿಯುತ್ತದೆ.

ಕೈಕೆಳಗೆ ನಾಲ್ಕು ಜನರಿರುವ ಫೋರ್‌ಮನ್ ಸಹೋದರರೇ, ಇದು ನಿಮಗೂ ಅನ್ವಯಿಸುತ್ತದೆ. ಮೇಲಿನವರಿಗೆ ತಡೆದುಕೊಂಡ ಸಿಟ್ಟನ್ನು ಕೆಳಗಿನವರ ಮೇಲೆ ಸುರಿಯುವುದು ಸಹನೆಯಲ್ಲ.

ಕೊನೆಗೆ, ನಾವು ದುಡಿಯುವ ಈ ನಾಡಿನ ಕುರಿತೇ ಒಂದು ಹದೀಸ್ ಇದೆ. ಪ್ರವಾದಿ(ಸ)ರು ಕಳುಹಿಸಿದ ಒಬ್ಬ ವ್ಯಕ್ತಿಯನ್ನು ಒಂದು ಗೋತ್ರದವರು ಬೈದು ಹೊಡೆದರು. ಆತ ಬಂದು ದೂರಿದಾಗ, ಒಮಾನಿನ ಜನರ ಬಳಿಗೆ ಹೋಗಿದ್ದರೆ ಅವರು ಬೈಯುತ್ತಲೂ ಇರಲಿಲ್ಲ, ಹೊಡೆಯುತ್ತಲೂ ಇರಲಿಲ್ಲವೆಂದು ಪ್ರವಾದಿ(ಸ)ರು ಹೇಳಿದರೆಂದು ಸಹೀಹ್ ಮುಸ್ಲಿಮ್‌ನಲ್ಲಿದೆ. ಬೈಯದಿರುವುದಕ್ಕಾಗಿ ಹೊಗಳಿಸಿಕೊಂಡ ನಾಡಿನ ಅನ್ನ ಉಣ್ಣುತ್ತಿದ್ದೇವೆ. ಬೌಷರಿನ ನಮ್ಮ ಕ್ಯಾಂಪು, ಆಫೀಸುಗಳಲ್ಲೂ ಆ ಗುಣ ಕಾಣಲಿ.

ಅಲ್ಲಾಹನು ನಮ್ಮ ಉಪವಾಸವನ್ನು ಸ್ವೀಕರಿಸಲಿ, ನಮ್ಮ ನಾಲಿಗೆಯನ್ನೂ ಬೆರಳನ್ನೂ ಕಾಪಾಡಲಿ, ದುಡಿಮೆಯಲ್ಲಿ ಬರಕತ್ ನೀಡಲಿ. ಆಮೀನ್.